ಮೊದಲ ವಿದೇಶ ಪ್ರವಾಸಕ್ಕೆ ಶ್ರೀಲಂಕಾ: ಏಳು ದಿನದಲ್ಲಿ ಎಷ್ಟು ಊರು ನೋಡಬಹುದು?

ನಮಸ್ಕಾರ. ಫೆಬ್ರುವರಿಯಲ್ಲಿ ಏಳು ದಿನಗಳ ಮಟ್ಟಿಗೆ ನೀವು ಮತ್ತು ನಿಮ್ಮ ಯಜಮಾನರು ಬೆಂಗಳೂರಿನಿಂದ ಶ್ರೀಲಂಕಾಕ್ಕೆ ಹೊರಟಿದ್ದೀರಿ, ಇದು ಇಬ್ಬರಿಗೂ ಮೊದಲ ವಿದೇಶ ಪ್ರವಾಸ. ಸಿಗಿರಿಯಾ, ಕ್ಯಾಂಡಿ, ನುವರ ಎಲಿಯ, ‘ಎಲ್ಲಾ’ (Ella) ಎಂಬ ಬೆಟ್ಟದೂರು, ಯಾಲ, ಮಿರಿಸ್ಸ, ಗಾಲೆ, ಕೊಲಂಬೊ ಇಷ್ಟನ್ನೂ ನೋಡಿ, ಒಂದೆರಡು ಚಾರಣವನ್ನೂ ಮಾಡಲಾದೀತೇ ಎಂದು ಕೇಳಿದ್ದೀರಿ. ಸಿಗಿರಿಯಾ, ಕ್ಯಾಂಡಿ, ‘ಎಲ್ಲಾ’ – ಈ ಮೂರನ್ನು ಇಟ್ಟುಕೊಂಡು ಉಳಿದ ಐದನ್ನು ಇನ್ನೊಂದು ಪ್ರವಾಸಕ್ಕೆ ಬಿಡಿ ಎಂಬುದು ನನ್ನ ಸಲಹೆ.

ಭೂಪಟದಲ್ಲಿ ಆ ದ್ವೀಪ ಅಂಗೈಯಷ್ಟು ಕಾಣುತ್ತದೆ, ಆದರೆ ಬೆಟ್ಟದ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ಸಾಗುವುದು ಕಷ್ಟ. ನಾನು ಮೊದಲ ಸಲ ಹೋದಾಗ ಆರು ರಾತ್ರಿ ಆರು ಊರಿನಲ್ಲಿ ಮಲಗಿದ್ದೆ. ಹಾರ್ಟನ್ ಪ್ಲೇನ್ಸ್ ಎಂಬ ಎತ್ತರದ ಹುಲ್ಲುಗಾವಲಿನ ಅಂಚಿನಲ್ಲಿ ‘ವರ್ಲ್ಡ್ಸ್ ಎಂಡ್’ ಎಂಬ ಕಡಿದಾದ ಪ್ರಪಾತವಿದೆ, ಅದರ ಆಳ ಸುಮಾರು 870 ಮೀಟರ್. ಹಿಂದಿನ ರಾತ್ರಿ ತಡವಾಗಿ ಊರು ಸೇರಿದ್ದರಿಂದ ಬೆಳಿಗ್ಗೆ ಹೊರಡುವುದೂ ತಡವಾಗಿ, ನಾನು ಅಲ್ಲಿಗೆ ತಲುಪುವಾಗ ಹತ್ತೂವರೆ ದಾಟಿತ್ತು. ಬಂಡೆಯಂಚಿನಲ್ಲಿ ನಿಂತು ನೋಡಿದರೆ ಚಾಚಿದ ಕೈಯಿಂದಾಚೆ ಏನೂ ಕಾಣಿಸಲಿಲ್ಲ, ಕೆಳಗಿನಿಂದ ಮಂಜು ಏಳುತ್ತಲೇ ಇತ್ತು. ಅಲ್ಲಿ ಸಾಮಾನ್ಯವಾಗಿ ಒಂಬತ್ತು-ಹತ್ತು ಗಂಟೆಗೆಲ್ಲ ಮಂಜು ಮುಸುಕುತ್ತದೆ. ನಸುಕಿನಲ್ಲೇ ದ್ವಾರದ ಬಳಿ ಇದ್ದವರಿಗೆ ಮಾತ್ರ ಆ ನೋಟ ದಕ್ಕುತ್ತದೆ. ಎರಡನೆಯ ಸಲ ಊರುಗಳನ್ನು ಕಡಿಮೆ ಮಾಡಿಕೊಂಡು ಹೋದಾಗಲೇ ನನಗೆ ಅದು ಕಂಡದ್ದು.

ಹಾಗಾಗಿ ನಿಮ್ಮ ದಿನಗಳನ್ನು ಹೀಗೆ ಹಂಚಿಕೊಳ್ಳಬಹುದು. ವಿಮಾನ ನಿಲ್ದಾಣ ಕೊಲಂಬೊ ನಗರದಲ್ಲಿಲ್ಲ, ಅದರ ಉತ್ತರಕ್ಕೆ ಕಟುನಾಯಕದಲ್ಲಿದೆ; ಅಲ್ಲಿಂದ ನೇರವಾಗಿ ಸಿಗಿರಿಯಾಕ್ಕೆ ಹೋಗಿ ಎರಡು ರಾತ್ರಿ ಉಳಿಯಿರಿ. ಐದನೆಯ ಶತಮಾನದಲ್ಲಿ ಕಾಶ್ಯಪ ದೊರೆ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ತಾಣವದು, 1982ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿರುವುದರಿಂದ ಬಿಸಿಲೇರುವ ಮುನ್ನವೇ ಹತ್ತಬೇಕು. ಬಂಡೆಯಲ್ಲಿ ಹೆಜ್ಜೇನಿನ ಗೂಡುಗಳಿವೆ, ಆದ್ದರಿಂದ ಸದ್ದು ಮಾಡಬೇಡಿ ಎಂದು ಹಾಕಿರುವ ಫಲಕಗಳನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಇನ್ನೊಂದು ಬೆಳಿಗ್ಗೆ ಎದುರಿನ ಪಿದುರಂಗಲ ಬಂಡೆಯನ್ನು ಸೂರ್ಯೋದಯಕ್ಕೆ ಹತ್ತಿರಿ. ಕೊನೆಯ ಭಾಗದಲ್ಲಿ ದೊಡ್ಡ ಗುಂಡುಕಲ್ಲುಗಳ ನಡುವೆ ಕೈಯೂರಿ ಏರಬೇಕಾಗುತ್ತದೆ, ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಒಳ್ಳೆಯದು. ಸಿಗಿರಿಯಾದ ಪೂರ್ಣ ಆಕಾರ ಕಾಣುವುದು ಅಲ್ಲಿಂದಲೇ.

ಮೂರನೆಯ ದಿನ ಕ್ಯಾಂಡಿಗೆ ಬಂದು, ಸಂಜೆ ಬುದ್ಧನ ದಂತಧಾತುವಿನ (ಪವಿತ್ರ ಹಲ್ಲಿನ) ದೇಗುಲದ ಪೂಜೆ ನೋಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಬುದ್ಧನ ಮೂರ್ತಿಗೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಅಲ್ಲಿನವರು ಅವಮಾನವೆಂದೇ ಭಾವಿಸುತ್ತಾರೆ. ನಾಲ್ಕನೆಯ ದಿನ ಚಹಾ ತೋಟಗಳ ನಡುವೆ ಆರೇಳು ಗಂಟೆ ಸಾಗುವ ರೈಲಿನಲ್ಲಿ ‘ಎಲ್ಲಾ’ ತಲುಪಬಹುದು. ಕಾಯ್ದಿರಿಸಿದ ಆಸನಗಳು ಬೇಗ ಮುಗಿಯುತ್ತವೆ, ಬುಕಿಂಗ್ ತೆರೆದ ದಿನವೇ ಪ್ರಯತ್ನಿಸಿ. ಗುಡ್ಡ ಕುಸಿದು ಈ ಮಾರ್ಗ ಮುಚ್ಚುವುದೂ ಉಂಟು, ಆದ್ದರಿಂದ ಕೋಣೆ ಕಾಯ್ದಿರಿಸುವ ಮೊದಲೇ ರೈಲು ಪೂರ್ತಿ ದೂರ ಓಡುತ್ತಿದೆಯೇ ಎಂದು ವಿಚಾರಿಸಿಕೊಳ್ಳಿ.

ಎಲ್ಲಾದಲ್ಲಿ ಎರಡು ರಾತ್ರಿ ಇದ್ದರೆ ‘ಲಿಟಲ್ ಆಡಮ್ಸ್ ಪೀಕ್’ ಎಂಬ ಗುಡ್ಡ ಮತ್ತು ಒಂಬತ್ತು ಕಮಾನಿನ ರೈಲು ಸೇತುವೆ ಅರ್ಧ ದಿನದಲ್ಲಿ ಮುಗಿಯುತ್ತವೆ. ಹೆಚ್ಚು ನಡೆಯುವ ಆಸೆಯಿದ್ದರೆ ‘ಎಲ್ಲಾ ರಾಕ್’ ಎಂಬ ಬೆಟ್ಟ ಹತ್ತಬಹುದು, ಅಥವಾ ನಸುಕಿನಲ್ಲಿ ವಾಹನ ಮಾಡಿಕೊಂಡು ಹಾರ್ಟನ್ ಪ್ಲೇನ್ಸ್‌ಗೆ ಹೋಗಿ ಸುಮಾರು ಒಂಬತ್ತು ಕಿಲೋಮೀಟರಿನ ಸುತ್ತು ನಡೆಯಬಹುದು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಕಡೆಯ ರಾತ್ರಿ ನೆಗೊಂಬೊದಲ್ಲಿರಲಿ, ಅದು ವಿಮಾನ ನಿಲ್ದಾಣಕ್ಕೆ ಹತ್ತಿರ. ಎಲ್ಲಾದಿಂದ ಅಲ್ಲಿಗೆ ರಸ್ತೆಯಲ್ಲಿ ಹೆಚ್ಚುಕಡಿಮೆ ಇಡೀ ಹಗಲು ಹೋಗುತ್ತದೆ, ಅದನ್ನು ವಿಮಾನದ ದಿನಕ್ಕೆ ಖಂಡಿತ ಇಟ್ಟುಕೊಳ್ಳಬೇಡಿ.

ಯಾಲದ ಸಫಾರಿಯನ್ನು ಬಿಡಲು ಹೇಳಿದ್ದು ನಿಮಗೆ ಬೇಸರ ತಂದಿರಬಹುದು. ಆದರೆ ಆನೆ, ಚಿರತೆಗಳಿಗೆ ನಮ್ಮ ಕಬಿನಿ ಇದೆ. ಸಿಗಿರಿಯಾದಂಥ ಬಂಡೆ, ಹಾರ್ಟನ್ ಪ್ಲೇನ್ಸ್‌ನಂಥ ಪ್ರಪಾತ ನೋಡಲು ಅಲ್ಲಿಗೇ ಹೋಗಬೇಕು. ಫೆಬ್ರುವರಿಯ ಆಯ್ಕೆ ಮಾತ್ರ ಬಹಳ ಸರಿಯಾಗಿದೆ: ಬೆಟ್ಟದ ಸೀಮೆಯಲ್ಲೂ ದಕ್ಷಿಣ, ಪಶ್ಚಿಮ ಕರಾವಳಿಯಲ್ಲೂ ಆಗ ಮಳೆ ಕಡಿಮೆ.

ಕಾಗದಪತ್ರದ ವಿಷಯದಲ್ಲಿ, ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಇಟಿಎ ಎಂಬ ಪ್ರಯಾಣಾನುಮತಿಯನ್ನು ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲಿಯೇ ಪಡೆಯಿರಿ, ಅದನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಹಿಂದಿರುಗುವ ಟಿಕೆಟ್ ಮತ್ತು ಹೋಟೆಲ್ ಬುಕಿಂಗಿನ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ. 2024ರಿಂದ ಅಲ್ಲಿ ಯುಪಿಐ ಬಂದಿದ್ದರೂ ಆಟೊದವರಿಗೆ, ಸಣ್ಣ ಅಂಗಡಿಗಳಿಗೆ ನಗದೇ ಬೇಕಾಗುತ್ತದೆ.

ಸಸ್ಯಾಹಾರಿಗಳೆಂದು ಬರೆದಿದ್ದೀರಿ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಬೆಳಗಿನ ತಿಂಡಿಗೆ ನಮ್ಮ ಒತ್ತು ಶಾವಿಗೆಯಂಥ ಇಡಿಯಪ್ಪದ ಜೊತೆ ತೆಂಗಿನತುರಿ, ಒಣಮೆಣಸು, ಈರುಳ್ಳಿ, ನಿಂಬೆರಸ ಕಲಸಿದ ‘ಪೋಲ್ ಸಂಬೋಲ’ ಬರುತ್ತದೆ. ನೋಡಲು ನಮ್ಮ ಕೆಂಪು ಚಟ್ನಿಯಂತೆಯೇ ಇರುತ್ತದೆ, ಆದರೆ ಅದರಲ್ಲಿ ಮರದ ಹೊಟ್ಟಿನಂತೆ ಕಾಣುವ ಕಂದು ಚೂರುಗಳಿದ್ದರೆ ಅದು ‘ಉಂಬಲಕಡ’, ಅಂದರೆ ಒಣಗಿಸಿದ ಮೀನು. ತರಕಾರಿ ಪಲ್ಯಕ್ಕೂ ಅದನ್ನು ಹಾಕುವ ರೂಢಿಯಿದೆ, ಬಡಿಸುವವರು ಅದನ್ನು ಮೀನೆಂದು ಪ್ರತ್ಯೇಕವಾಗಿ ಹೇಳದೆಯೂ ಇರಬಹುದು. ಆರ್ಡರ್ ಮಾಡುವಾಗಲೇ ‘ಉಂಬಲಕಡ ಎಪಾ’ ಎನ್ನಿ. ‘ಎಪಾ’ ಎಂದರೆ ಸಿಂಹಳದಲ್ಲಿ ಬೇಡ ಎಂದರ್ಥ.