ಕಾರ್ಖಾನೆಯ ಹೊಗೆ ವರದಿ ಸರಿಯಿದೆಯೇ ಎಂದು ನೋಡುವುದು ಹೇಗೆ?

ಮುಂಬೈ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಲ್ಲಿದ್ದಲು ಬಾಯ್ಲರ್ ವರದಿಯಲ್ಲಿ ಸಲ್ಫರ್ ಡೈಆಕ್ಸೈಡ್ ಘನ ಮೀಟರಿಗೆ 300 ಮಿ.ಗ್ರಾಂ ಅಂತಿದೆ, ನಂಬಬಹುದಾ ಎಂದು ಕೇಳಿದ್ದೀರಿ. ಮೊದಲು ಪಕ್ಕದ ಆಕ್ಸಿಜನ್ ಅಂಕಿ ನೋಡಿ. ಚಿಮಣಿಗೆ ಹೊರಗಾಳಿ ಸೇರಿದರೆ ಹೊಗೆ ತೆಳುವಾಗಿ ಅಂಕಿ ತಾನಾಗೇ ಇಳಿಯುತ್ತದೆ. ಅದಕ್ಕೇ ಘನ ಇಂಧನಕ್ಕೆ ಶೇ. 6 ಆಕ್ಸಿಜನ್‌ಗೆ ಹೊಂದಿಸಿ ಲೆಕ್ಕ ಹಾಕಬೇಕು. ಗಾಳಿಯಲ್ಲಿ ಆಕ್ಸಿಜನ್ ಸುಮಾರು ಶೇ. 21; ಚಿಮಣಿಯಲ್ಲಿ ಅಳೆದಾಗ ಶೇ. 15 ಇದ್ದರೆ 300 × (21−6) ÷ (21−15) = 750. ಮಿತಿ 600! ಆಕ್ಸಿಜನ್‌ನ ಈ ಒಂದು ಸಾಲು ಬಿಟ್ಟ ವರದಿಯನ್ನು ಒಪ್ಪಲೇಬೇಡಿ.

ಆಮೇಲೆ ಇಂಧನದ ಲೆಕ್ಕ. 10 ಟನ್ ಕಲ್ಲಿದ್ದಲಿನಲ್ಲಿ ಗಂಧಕ (ಸಲ್ಫರ್) ಶೇ. 0.5 ಅಂದರೆ 50 ಕೆಜಿ. ಉರಿದಾಗ ಆಕ್ಸಿಜನ್ ಸೇರಿ ತೂಕ ಇಮ್ಮಡಿಯಾಗುತ್ತದೆ; ಬೂದಿಯಲ್ಲಿ ಸ್ವಲ್ಪ ಉಳಿದರೂ ಸಲ್ಫರ್ ಡೈಆಕ್ಸೈಡ್ 100 ಕೆಜಿಯ ಹತ್ತಿರ ಬರಬೇಕು. ಸ್ಕ್ರಬರ್ (ಹೊಗೆ ತೊಳೆಯುವ ಸಾಧನ) ಇಲ್ಲದೆ 30 ಕೆಜಿ ಅಂತ ಬರೆದಿದ್ದರೆ ಕಲ್ಲಿದ್ದಲಿನ ಬಿಲ್, ಲ್ಯಾಬ್ ವರದಿ ಕೇಳಿ. ಆನ್‌ಲೈನ್ ಮೀಟರ್ ದಿನವಿಡೀ ಒಂದೇ ಅಂಕಿ ತೋರಿಸಿದರೆ ಹೊಗೆ ಎಳೆಯುವ ಪ್ರೋಬ್ ಕಟ್ಟಿಕೊಂಡಿರಬಹುದು. ಕ್ಯಾಲಿಬ್ರೇಶನ್ (ಮೀಟರ್ ಸರಿಹೊಂದಿಸಿದ) ದಾಖಲೆ ತೆಗೆಸಿ.