ಆ ಹುಡುಗಿಯ ಕಥೆಯನ್ನು ಸ್ಕೂಲ್ ಡೇಗೆ ಆಡಿಸಬಹುದೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಶಾಲೆಯೊಂದರಲ್ಲಿ ನಾನು ಆಪ್ತಸಮಾಲೋಚಕಿ. ಕಾಲೇಜಿನಲ್ಲಿದ್ದಾಗ ಬೀದಿನಾಟಕ ಮಾಡುತ್ತಿದ್ದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಪ್ಲಸ್ ವನ್‌ಗೆ ಬಂದ ಮಕ್ಕಳು ಇಲ್ಲಿ ಬಾಯಿಯೇ ಬಿಡುವುದಿಲ್ಲ. ವಿವರಣೆಯೆಲ್ಲ ಮಲಯಾಳದಲ್ಲಿ, ಉಚ್ಚಾರ ತಪ್ಪಿದರೆ ನಗು. ಒಬ್ಬ ಹುಡುಗಿ ತನ್ನ ಅನುಭವವನ್ನೇ ನಾಟಕ ಮಾಡಲು ಒಪ್ಪಿದ್ದಾಳೆ. ಸ್ಕೂಲ್ ಡೇಗೆ ಆಡಿಸೋಣ ಎಂದು ಪ್ರಿನ್ಸಿಪಾಲರೂ ಹುರುಪಿನಲ್ಲಿದ್ದಾರೆ. ಮಾಡಬಹುದೇ?

ಉತ್ತರ: ನಾಟಕ ಮಾಡಿ. ಸ್ಕೂಲ್ ಡೇ ಬೇಡ. ಕಥೆ ಅವಳದ್ದೇ ಎಂದು ಗುರುತು ಸಿಗುವ ಹಾಗಂತೂ ಖಂಡಿತ ಬೇಡ.

ನಿಮ್ಮ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿ 'ಧೈರ್ಯ ತಂದುಕೋ' ಎಂದರೆ, ಕೊರತೆ ಅವಳದ್ದೇ ಎಂದು ನೀವೂ ಒಪ್ಪಿದ ಹಾಗಾಯಿತು. ನಗುವವರು ಹೊರಗೆ ಹಾಗೆಯೇ ಇದ್ದಾರೆ. ಬರೀ ಬೀದಿನಾಟಕವಾದರೆ ಅನ್ಯಾಯ ಎದ್ದು ಕಾಣುತ್ತದೆ, ಮರುದಿನ ಅದೇ ಬೆಂಚಿನಲ್ಲಿ ಕೂರಬೇಕಾದವಳ ಹೆದರಿಕೆಯನ್ನು ಕೇಳುವವರಿಲ್ಲ. ಹಾಗಾಗಿ ಆಪ್ತಸಮಾಲೋಚನೆ, ನಾಟಕ ಎರಡೂ ಬೇಕು.

ಬ್ರೆಜಿಲಿನ ರಂಗಕರ್ಮಿ ಅಗಸ್ಟೊ ಬೋಲ್ (1931–2009) ಈ ದಾರಿಯಲ್ಲಿ ನಡೆದವರು. 1971ರಲ್ಲಿ ಅಲ್ಲಿನ ಮಿಲಿಟರಿ ಆಡಳಿತ ಅವರನ್ನು ಹಿಡಿದು ಹಿಂಸಿಸಿತು. ಅವರು ದೇಶ ಬಿಟ್ಟರು. ಲ್ಯಾಟಿನ್ ಅಮೆರಿಕದಲ್ಲಿ ಅವರ ನಾಟಕಗಳ ಎದುರಾಳಿ ಕಣ್ಣಿಗೆ ಕಾಣುವವನು. ಯುರೋಪಿನಲ್ಲಿ ಜನ ಒಂಟಿತನ, ಕಾರಣ ತಿಳಿಯದ ಭಯ ಎಂದು ಬಂದರು; ಹೊಡೆಯುವ ಪೊಲೀಸ ಎಲ್ಲೂ ಇಲ್ಲ. 1980ರ ದಶಕದ ಆರಂಭದಲ್ಲಿ ಬೋಲ್, ಮನೋವಿಶ್ಲೇಷಕಿಯಾದ ಹೆಂಡತಿ ಸೆಸಿಲಿಯಾ ಜತೆ ಪ್ಯಾರಿಸಿನಲ್ಲಿ 'ತಲೆಯೊಳಗಿನ ಪೊಲೀಸ'ನನ್ನು, ಎಂದರೆ ಒಳಗಿನಿಂದಲೇ ನಮ್ಮನ್ನು ತಡೆಯುವ ದನಿಗಳನ್ನು, ಹುಡುಕುವ ಕಮ್ಮಟ ನಡೆಸಿದರು. ನಿಮಗೆ ಉಪಯೋಗಕ್ಕೆ ಬರುವುದು ಇದು. (ಮನೋವೈದ್ಯ ಮೊರೆನೊ ಅವರ ಸೈಕೋಡ್ರಾಮಾ, ಎಂದರೆ ನಾಟಕದ ಮೂಲಕ ಮಾಡುವ ಚಿಕಿತ್ಸೆ, ಇದಕ್ಕಿಂತ ಹಿಂದಿನದು, ಆದರೆ ಅದಕ್ಕೆ ಸರಿಯಾದ ತರಬೇತಿಯೇ ಬೇಕು. ಯೂಟ್ಯೂಬ್ ನೋಡಿ ಮಾಡಬೇಡಿ.)

ಎಂಟು ಹತ್ತು ಮಕ್ಕಳು, ಬಾಗಿಲು ಮುಚ್ಚಿದ ಕೋಣೆ ಸಾಕು. ಹಲವರು ಹೇಳಿದ್ದನ್ನು ಸೇರಿಸಿ ಒಂದು ಕಥೆ ಮಾಡಿ. ಆ ಹುಡುಗಿ ತನ್ನದೇ ಪಾತ್ರ ಮಾಡುವುದು ಬೇಡ. ಮೊದಲು ಮಾತಿಲ್ಲದೆ ತರಗತಿಯನ್ನು ಮೂರ್ತಿಗಳ ಹಾಗೆ ನಿಲ್ಲಿಸಲಿ: ಬೋರ್ಡಿನ ಕಡೆ ತಿರುಗಿದ ಟೀಚರ್, ಬಾಯಿಗೆ ಕೈ ಅಡ್ಡ ಹಿಡಿದ ಹಿಂದಿನ ಬೆಂಚು, ಅರ್ಧ ಎದ್ದು ನಿಂತ ಹುಡುಗಿ. ಕಾಸರಗೋಡಿನಲ್ಲಿ ಇದರಿಂದ ಒಂದು ಹೆಚ್ಚಿನ ಲಾಭವಿದೆ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ ಆಡುವವರಲ್ಲಿ ಯಾರ ಉಚ್ಚಾರಕ್ಕೂ ಇಲ್ಲಿ ಯಾರೂ ನಗುವ ಹಾಗಿಲ್ಲ.

ಆಮೇಲೆ ಕೇಳಿ: ಅವಳು ಅರ್ಧಕ್ಕೇ ನಿಂತದ್ದು ಯಾರ ಮಾತಿಗೆ? 'ಸುಮ್ಮನೆ ಮರ್ಯಾದೆ ತೆಗೆಯಬೇಡ' ಎನ್ನುವ ಅಮ್ಮ, 'ನಿನಗೆ ಸಯನ್ಸ್ ಯಾಕೆ ಬೇಕಿತ್ತು' ಎನ್ನುವ ದೊಡ್ಡಪ್ಪನ ಮಗ. ಒಬ್ಬೊಬ್ಬರು ಒಂದೊಂದು ದನಿಯಾಗಿ ಹಿಂದೆ ನಿಂತು ಅದೊಂದೇ ವಾಕ್ಯ ಹೇಳಲಿ; ಪಾತ್ರ ಮಾಡಿದವಳು ಉತ್ತರ ಕೊಟ್ಟು ಒಂದೊಂದನ್ನೇ ದೂರ ಕಳಿಸಲಿ. ಅಮ್ಮನ ದನಿಯನ್ನು ಕಳಿಸಲು ಮನಸ್ಸು ಬಾರದಿದ್ದರೆ ಒತ್ತಾಯ ಬೇಡ. ಅಂಥದ್ದನ್ನು ಆಮೇಲೆ ನಿಮ್ಮ ಕೋಣೆಯಲ್ಲಿ ಮಾತಾಡಿಕೊಳ್ಳಬಹುದು.

ಮುಗಿದ ಮೇಲೆ ಪಾತ್ರ ಇಳಿಸಿಯೇ ಕಳಿಸಿ. ಯಕ್ಷಗಾನದವರು ಚೌಕಿಯಲ್ಲಿ ಬಣ್ಣ ತೆಗೆಯುವ ಹಾಗೆ ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿ 'ನಾನು ಅವನಲ್ಲ' ಎನ್ನಬೇಕು. ಗೇಲಿ ಮಾಡಿದ ಪಾತ್ರದವನಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕು.

ಮನೆಯ ಹೊಡೆತ ಬಡಿತದಂಥ ವಿಷಯ ಹೊರಬಂದರೆ ನಾಟಕ ಅಲ್ಲಿಗೇ ನಿಲ್ಲಿಸಿ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು. ಎಲ್ಲ ಗುಟ್ಟನ್ನೂ ಕಾಯಲಾಗದು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಇನ್ನು ಅವಳ ಒಪ್ಪಿಗೆ. ಪ್ರಿನ್ಸಿಪಾಲರೂ ನೀವೂ ಕೇಳಿದಾಗ ಹದಿನಾರರ ಹುಡುಗಿ 'ಇಲ್ಲ' ಎನ್ನುವುದುಂಟೇ? ಸ್ಕೂಲ್ ಡೇ ಎಂದರೆ ಎದುರಿಗೆ ಊರಿಡೀ ಇರುತ್ತದೆ, ರಾತ್ರಿಯೊಳಗೆ ವೀಡಿಯೊ ವಾಟ್ಸಾಪಿನಲ್ಲಿ. ಆದರೂ ಪ್ರಿನ್ಸಿಪಾಲರ ಹುರುಪಿಗೆ ತಣ್ಣೀರು ಎರಚಬೇಡಿ. ಪ್ಲಸ್ ವನ್ ಅಧ್ಯಾಪಕರಿಗೆ ಮಾತ್ರ ಒಂದು ಮಧ್ಯಾಹ್ನ ಆಡಿ ತೋರಿಸುತ್ತೇವೆ ಎನ್ನಿ. ಬೋಲ್ ಅವರ ಕ್ರಮದಲ್ಲಿ ನೋಡುವವರು 'ನಿಲ್ಲಿ' ಎಂದು ಎದ್ದು ಬಂದು ಪಾತ್ರದ ಜಾಗಕ್ಕೆ ನಿಲ್ಲಬಹುದು. ಮೊದಲು ಪ್ರಿನ್ಸಿಪಾಲರೇ ಆ ಹುಡುಗಿಯ ಜಾಗದಲ್ಲಿ ನಿಲ್ಲುತ್ತಾರೋ ಕೇಳಿ ನೋಡಿ.