ಒಂಬತ್ತನೇ ತಾರೀಕಿನ ಎರೆಹುಳು

ಓದುಗರ ಪತ್ರ: “ನಮ್ಮ ವಲಯದ ಕ್ರೈಸ್ತ ಸಭೆಗಳಿಗೆಲ್ಲ ದಿನನಿತ್ಯದ ಪ್ರಾರ್ಥನೆಗೆಂದು ಒಂದು ಚೀಟಿ ಹಂಚಿದ್ದಾರೆ. ದಿನಕ್ಕೊಂದು ಸಭೆಯ ಹೆಸರು, ಅದರ ಪಕ್ಕದಲ್ಲಿ ಸೃಷ್ಟಿಯ ಒಂದು ಸಂಗತಿ: ಕಾಡು, ಜೇನು, ಗಾಳಿ, ಹೀಗೆ. ನಮ್ಮ ಸಭೆ ಒಂಬತ್ತನೇ ತಾರೀಕಿಗೆ ಬಂದಿದೆ, ಪಕ್ಕದಲ್ಲಿ ‘ಮಣ್ಣು ಮತ್ತು ಎರೆಹುಳು’. ಓದಿದಾಗ ಹುಡುಗರು ಕಿಸಕ್ಕನೆ ನಕ್ಕರು. ಪ್ರಾರ್ಥನೆ ಇರುವುದು ಆತ್ಮಗಳಿಗಾಗಿ, ಹುಳುಗಳಿಗಾಗಿ ಅಲ್ಲ. ಹೀಗೇ ಬಿಟ್ಟರೆ ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನೇ ಪೂಜಿಸುವ ಕಾಲ ಬಂದೀತು. ಅದೂ ಅಲ್ಲದೆ, ಹೃದಯದಿಂದ ಬರಬೇಕಾದ ಪ್ರಾರ್ಥನೆ ಹಾಜರಿ ಪುಸ್ತಕ ಓದಿದಂತಾಗಿದೆ. ತಮ್ಮ ಅಭಿಪ್ರಾಯ ತಿಳಿಸಿ.” — ಹಿರಿಯ ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಭಯಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಸೃಷ್ಟಿಕರ್ತನ ಜಾಗದಲ್ಲಿ ಸೃಷ್ಟಿಯನ್ನು ಕೂರಿಸುವವರನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಪೌಲನು ತರಾಟೆಗೆ ತೆಗೆದುಕೊಂಡಿದ್ದಾನೆ. ಚೀಟಿಯನ್ನು ಪರೀಕ್ಷಿಸುವುದೂ ಸುಲಭ. ಪ್ರತಿ ಪ್ರಾರ್ಥನೆ ಯಾರನ್ನು ಕರೆದು ಶುರುವಾಗುತ್ತದೆ ನೋಡಿ. “ದೇವರೇ” ಎಂದಿದ್ದರೆ ಚಿಂತೆಯಿಲ್ಲ. “ಭೂಮಿತಾಯೇ, ನಮ್ಮನ್ನು ಕಾಪಾಡು” ಎಂದಿದ್ದರೆ ಧಾರಾಳವಾಗಿ ಗೀಟು ಹಾಕಿ. (148ನೇ ಕೀರ್ತನೆ ಸೂರ್ಯಚಂದ್ರರನ್ನೂ ಹರಿದಾಡುವ ಜಂತುಗಳನ್ನೂ ಕೂಗಿ ಕರೆಯುತ್ತದೆ, ನಿಜ. ಅವುಗಳಿಂದ ಏನನ್ನೂ ಬೇಡುವುದಿಲ್ಲ, ದೇವರನ್ನು ಸ್ತುತಿಸಿರಿ ಎನ್ನುತ್ತದೆ ಅಷ್ಟೇ.) ಹೃದಯದಿಂದ ತಾನಾಗಿ ಉಕ್ಕುವ ಪ್ರಾರ್ಥನೆಯ ಬಗ್ಗೆಯೂ ನನ್ನ ತಕರಾರಿಲ್ಲ. ಅದು ಪ್ರತಿದಿನವೂ ಉಕ್ಕುತ್ತದೆ ಎಂಬ ನಂಬಿಕೆಯ ಬಗ್ಗೆ ಮಾತ್ರ ಸ್ವಲ್ಪ ಇದೆ.

ಇನ್ನು ಆತ್ಮ ಮತ್ತು ಹುಳುವಿನ ವಿಷಯ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವನ್ನು 14ನೇ ವಚನದಿಂದ ಓದಿ. ನಿಮ್ಮಲ್ಲಿ ಅಸ್ವಸ್ಥರಿದ್ದರೆ ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿಕೊಳ್ಳಲಿ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿರಿ. ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ. ಇಷ್ಟು ಸಭೆಯ ಮಾತು. ಆ ಬಿಸಿ ಆರುವ ಮುಂಚೆಯೇ 17ನೇ ವಚನದಲ್ಲಿ ಪ್ರವಾದಿ ಎಲೀಯ ಬರುತ್ತಾನೆ: ಅವನು ಬೇಡಿದ್ದಕ್ಕೆ ಮೂರೂವರೆ ವರ್ಷ ಮಳೆ ನಿಂತಿತು, ಮತ್ತೆ ಬೇಡಿದ್ದಕ್ಕೆ ಮಳೆ ಬಿತ್ತು, ಭೂಮಿ ಬೆಳೆಯಿತು. ರೋಗಿಯ ಹಾಸಿಗೆಯಿಂದ ಹೊಲಕ್ಕೆ ಹೋಗಲು ಯಾಕೋಬನಿಗೆ ಹೊಸ ಅಧ್ಯಾಯ ಬೇಕಾಗಲಿಲ್ಲ. ಅದೇ ರೋಮಾಪುರದವರ ಪತ್ರಿಕೆಯ 8ನೇ ಅಧ್ಯಾಯಕ್ಕೆ ಬನ್ನಿ: 22ನೇ ವಚನದಲ್ಲಿ ಸೃಷ್ಟಿ ನರಳುತ್ತದೆ, 23ರಲ್ಲಿ ವಿಶ್ವಾಸಿಗಳು ನರಳುತ್ತಾರೆ, 26ರಲ್ಲಿ ಆತ್ಮನೇ ನಮ್ಮ ಪರವಾಗಿ ಮಾತಿಗೆಟುಕದ ನರಳಾಟದಿಂದ ಬೇಡುತ್ತಾನೆ. ಐದು ವಚನದೊಳಗೆ ಮೂವರ ನರಳಾಟ. ಅದರಲ್ಲಿ ಒಂದನ್ನು ಚೀಟಿಯಿಂದ ತೆಗೆಯಿರಿ ಎಂದು ನೀವು ಕೇಳುತ್ತಿದ್ದೀರಿ.

ಹುಡುಗರು ನಕ್ಕರು ಎಂದಿರಿ. ನಗಲಿ ಬಿಡಿ, ಯೋನನ ಪುಸ್ತಕ ಓದಿದರೂ ನಗು ಬರುತ್ತದೆ. ನಿನೆವೆಯಲ್ಲಿ ದನಕುರಿಗಳಿಗೂ ಗೋಣಿತಟ್ಟು ಹೊದಿಸಿ ಉಪವಾಸ ಕೂರಿಸಿದರು. ಕೊನೆಯಲ್ಲಿ ದೇವರು ಮುನಿಸಿಕೊಂಡ ಪ್ರವಾದಿಗೆ ಕೇಳುವ ಪ್ರಶ್ನೆಯಲ್ಲಿ 1,20,000ಕ್ಕೂ ಹೆಚ್ಚು ಮನುಷ್ಯರ ಲೆಕ್ಕದ ಬೆನ್ನಿಗೇ “ಬಹಳ ಪಶುಗಳು” ಬರುತ್ತವೆ, ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಹೋಶೇಯನ 4ನೇ ಅಧ್ಯಾಯ ಇನ್ನೂ ಕಠಿಣ: ಜನರಲ್ಲಿ ಸತ್ಯವಿಲ್ಲ, ಪ್ರೀತಿಯಿಲ್ಲ, ಆದ್ದರಿಂದ ದೇಶ ಗೋಳಾಡುತ್ತದೆ, ಮೀನುಗಳೂ ಅಳಿಯುತ್ತವೆ. ಸಭೆಯ ಒಳಜಗಳಕ್ಕೂ ಹೊಳೆಯ ಮೀನಿಗೂ ಏನು ಸಂಬಂಧ ಎನ್ನುವವರು ಹೋಶೇಯನಿಗೆ ಪತ್ರ ಬರೆಯಬೇಕು.

ಇದು ಈಚಿನ ಖಯಾಲಿ ಎಂಬ ಧ್ವನಿಯೂ ನಿಮ್ಮ ಪತ್ರದಲ್ಲಿದೆ. ಕಾನ್‌ಸ್ಟಾಂಟಿನೋಪಲಿನ ಬಿಷಪನಾಗಿದ್ದ ಕ್ರಿಸೊಸ್ಟೊಮ್ ಹೆಸರಿನ ಆರಾಧನಾ ಕ್ರಮವನ್ನು ಪೂರ್ವದ ಸಭೆಗಳು ಇಂದಿಗೂ ಬಳಸುತ್ತವೆ. ಅದರ ಆರಂಭದ ದೊಡ್ಡ ವಿಜ್ಞಾಪನೆಯಲ್ಲಿ ದೇವಾಲಯ, ಬಿಷಪ್, ಊರು ಆದ ಮೇಲೆ ಹಿತವಾದ ಹವೆಗಾಗಿ, ಭೂಮಿಯ ಫಲಸಮೃದ್ಧಿಗಾಗಿ ಬೇಡಿಕೆ ಬರುತ್ತದೆ. ಪ್ರಯಾಣಿಕರು, ರೋಗಿಗಳು, ಸೆರೆಯವರು ಬರುವುದು ಅದರ ನಂತರ. ಇಂಗ್ಲೆಂಡಿನ ಆರ್ಚ್‌ಬಿಷಪ್ ಕ್ರಾನ್ಮರ್ 1544ರಲ್ಲಿ ಸಿದ್ಧಪಡಿಸಿದ ವಿಜ್ಞಾಪನಾ ಕ್ರಮವೂ ಸಭೆಯನ್ನೂ ಬಿಷಪರನ್ನೂ ನೆನೆದು ಭೂಮಿಯ ಫಲಗಳ ತನಕ ನಡೆಯುತ್ತದೆ. ಇಂಗ್ಲೆಂಡ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿ ಮಳೆ ಬೇಡುವ ಪ್ರಾರ್ಥನೆಯಿದೆ, ಮಳೆ ನಿಲ್ಲಲಿ ಎಂಬ ಪ್ರಾರ್ಥನೆಯಿದೆ, ಮಳೆ ಬಂದ ಮೇಲೆ ಹೇಳುವ ಕೃತಜ್ಞತೆಯೂ ಇದೆ. ಈ ಮೂರನೆಯದನ್ನು ನಾವು ಪೂರ್ತಿ ಮರೆತಿದ್ದೇವೆ. ಇನ್ನೂ ಹಿಂದಕ್ಕೆ, 470ರ ಸುಮಾರಿಗೆ, ಗಾಲ್ ದೇಶದ (ಇಂದಿನ ಫ್ರಾನ್ಸ್) ವಿಯೆನ್ ಪಟ್ಟಣದ ಬಿಷಪ್ ಮಾಮೆರ್ತುಸ್ ಭೂಕಂಪ, ಬೆಂಕಿಗಳಿಂದ ಕಂಗೆಟ್ಟ ಜನರನ್ನು ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚಿನ ಮೂರು ದಿನ ಉಪವಾಸ, ಮೆರವಣಿಗೆ, ಪ್ರಾರ್ಥನೆಗೆ ಕರೆದ. 511ರ ಓರ್ಲೆಯಾನ್ಸ್ ಸಭಾಸಮ್ಮೇಳನ ಅದನ್ನು ಗಾಲ್‌ಗೆಲ್ಲ ಕಡ್ಡಾಯ ಮಾಡಿತು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಈಜಿಪ್ಟಿನ ಕಾಪ್ಟಿಕ್ ಸಭೆಯ ಕ್ರಮ. ಜೂನ್ ಮಧ್ಯ ಕಳೆದ ಮೇಲೆ ಅಕ್ಟೋಬರ್ ತನಕ ನದಿಯ ನೀರಿಗಾಗಿ ಬೇಡುತ್ತಾರೆ; ಅಲ್ಲಿಂದ ಜನವರಿ ಮಧ್ಯದವರೆಗೆ ಬೀಜ ಮತ್ತು ಪೈರಿಗಾಗಿ; ಮತ್ತೆ ಜೂನ್‌ವರೆಗೆ ಗಾಳಿ ಮತ್ತು ಹಣ್ಣುಗಳಿಗಾಗಿ. ನೈಲ್ ಉಕ್ಕುವುದು, ಇಳಿದ ಮೇಲೆ ಬಿತ್ತುವುದು, ಫಲ ಕಟ್ಟುವುದು, ಈ ಮೂರು ಹೆಜ್ಜೆಗೆ ಮೂರು ಬೇಡಿಕೆ. 1970ರಲ್ಲಿ ಅಸ್ವಾನ್ ಅಣೆಕಟ್ಟು ಪೂರ್ತಿಯಾಯಿತು, ಆ ವಾರ್ಷಿಕ ನೆರೆ ನಿಂತಿತು. ಬೇಡಿಕೆ ನಿಲ್ಲಲಿಲ್ಲ.

ಆಸಿಸಿಯ ಸಂತ ಫ್ರಾನ್ಸಿಸ್‌ನ ಸೃಷ್ಟಿಸ್ತುತಿಯನ್ನು ಹೂವು ಹಕ್ಕಿಗಳ ಹಾಡೆಂದು ತಿಳಿದವರೇ ಹೆಚ್ಚು. ಅದು ಪರಾತ್ಪರನಾದ ದೇವರನ್ನೇ ಕರೆದು ಆರಂಭವಾಗುತ್ತದೆ. ಸೂರ್ಯ, ಗಾಳಿ, ನೀರು, ಬೆಂಕಿ, ಮಣ್ಣು ಎಲ್ಲ ಆದ ಮೇಲೆ, ನಿನ್ನ ಪ್ರೀತಿಯ ನಿಮಿತ್ತ ಕ್ಷಮಿಸುವವರ ಮೂಲಕ ನಿನಗೆ ಸ್ತೋತ್ರ ಎಂಬ ಸಾಲು ಬರುತ್ತದೆ. ಆಸಿಸಿಯ ಬಿಷಪರಿಗೂ ನಗರಾಧಿಪತಿಗೂ ಜಗಳ ಹತ್ತಿದ್ದಾಗ ಅದನ್ನು ಸೇರಿಸಿ ಇಬ್ಬರೆದುರೂ ಹಾಡಿಸಿದ ಎಂದು ಪರಂಪರೆ ಹೇಳುತ್ತದೆ. ಸಭೆಯ ಮುರಿದ ಸಂಬಂಧ ಮತ್ತು ಮಣ್ಣು ನೀರು ಒಂದೇ ಹಾಡಿನೊಳಗೆ ಬಂದವು.

ಈಗ ನಿಮ್ಮ “ಹಾಜರಿ ಪುಸ್ತಕ”. ಆದಿಸಭೆಗಳಲ್ಲಿ ಮಡಚುವ ಜೋಡಿ ಹಲಗೆಗಳ ಮೇಲೆ ಬಿಷಪರ, ಬದುಕಿರುವವರ, ತೀರಿಕೊಂಡವರ ಹೆಸರು ಬರೆದು ಕರ್ತನ ಮೇಜಿನ ಆರಾಧನೆಯಲ್ಲಿ ಓದುತ್ತಿದ್ದರು. ಹೆಸರು ಓದಿದರೆ ಅನ್ಯೋನ್ಯತೆ ಇದೆ ಎಂದರ್ಥ, ಅಳಿಸಿದರೆ ಇಲ್ಲ. 407ರಲ್ಲಿ ಗಡೀಪಾರಿನಲ್ಲಿ ಸತ್ತ ಕ್ರಿಸೊಸ್ಟೊಮ್‌ನ ಹೆಸರನ್ನು ಕಾನ್‌ಸ್ಟಾಂಟಿನೋಪಲಿನ ಪಟ್ಟಿಗೆ ಮರಳಿ ಸೇರಿಸಿದಾಗ ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಕೆರಳಿದ್ದ. ಪಟ್ಟಿಯ ಒಂದು ಹೆಸರಿಗಾಗಿ ಎರಡು ಮಹಾಸಭೆಗಳ ನಡುವೆ ಅಷ್ಟು ಕಾವು! “ಎಲ್ಲ ಸಭೆಗಳನ್ನೂ ಆಶೀರ್ವದಿಸು” ಎಂದು ಒಂದೇ ಉಸಿರಿನಲ್ಲಿ ಮುಗಿಸುವ ನಮಗೆ ಯಾರೊಂದಿಗೂ ಜಗಳವಿಲ್ಲ, ಯಾರ ನೆನಪೂ ಇಲ್ಲ.

ಎರೆಹುಳುವನ್ನು ಅಷ್ಟು ಹೀನಾಯ ಮಾಡಬೇಡಿ. ಅದು ಕೊರೆದ ಬಿಲಗಳ ಮೂಲಕ ಮಳೆನೀರು ಒಳಗಿಳಿಯುತ್ತದೆ, ಬೇರಿಗೆ ಗಾಳಿಯಾಡುತ್ತದೆ. ತರಗೆಲೆಯನ್ನು ಎಳೆದುಕೊಂಡು ತಿಂದು ಹಿಕ್ಕೆಯಾಗಿ ಮೇಲೆ ಬಿಡುತ್ತದೆ. ಮಣ್ಣನ್ನು ಮೇಲಿಂದಮೇಲೆ ಆಳವಾಗಿ ಉತ್ತರೆ, ಹೊದಿಕೆಯಿಲ್ಲದೆ ಬಿಸಿಲಿಗೆ ಬಿಟ್ಟರೆ, ಕೀಟನಾಶಕ ಸುರಿದರೆ ಅದು ಇಲ್ಲವಾಗುತ್ತದೆ, ಮಳೆ ಬಂದರೂ ನೀರು ಇಂಗದೆ ಹರಿದುಹೋಗುತ್ತದೆ. ನಿಮ್ಮ ಸಭೆಯವರು ತಿನ್ನುವ ಅನ್ನ ಆ ಮಣ್ಣಿನದೇ. ಸಮಾಧಿ ಮಾಡುವಾಗ ಮಣ್ಣಿಗೆ ಮಣ್ಣು ಎನ್ನುತ್ತೇವಲ್ಲ, ನಿಮಗೂ ನನಗೂ ಕಡೆಯ ನೆರೆಯವನು ಇವನೇ. ಒಂದು ಪ್ರಾರ್ಥನೆ ಅವನಿಗೆ ದಂಡವಾಗದು.

ಚೀಟಿಯಲ್ಲಿ ದೋಷವಿಲ್ಲವೆಂದಲ್ಲ. ಸಭೆ ಮತ್ತು ಸೃಷ್ಟಿಯ ಜೋಡಿಯನ್ನು ವರ್ಷವಿಡೀ ಒಂದೇ ತಾರೀಕಿಗೆ ಕಟ್ಟಿಹಾಕಿದ್ದು ತಪ್ಪು. ನೀವು ಸದಾ ಎರೆಹುಳುವಿನ ಜೊತೆಗೇ ಉಳಿಯುತ್ತೀರಿ. ಸಭೆಗಳನ್ನು ತಾರೀಕಿಗೆ ಹಾಕಿ, ಸೃಷ್ಟಿಯನ್ನು ವಾರಕ್ಕೆ ಹಾಕಿ. ಆದಿಕಾಂಡದ ಆರಂಭವೇ ಪಟ್ಟಿ ಕೊಟ್ಟಿದೆ: ಭಾನುವಾರ ಬೆಳಕು, ಸೋಮವಾರ ಆಕಾಶ ಮತ್ತು ನೀರು, ಮಂಗಳವಾರ ನೆಲ, ಬೀಜ, ಮರಗಳು, ಬುಧವಾರ ಸೂರ್ಯಚಂದ್ರ ಮತ್ತು ಋತುಗಳು, ಗುರುವಾರ ಮೀನು, ಹಕ್ಕಿ, ಶುಕ್ರವಾರ ಪ್ರಾಣಿಗಳು ಮತ್ತು ಮನುಷ್ಯ, ಶನಿವಾರ ಭೂಮಿಯ ವಿಶ್ರಾಂತಿ. ಆಗ ಜೋಡಿ ತಿಂಗಳು ತಿಂಗಳೂ ಬದಲಾಗುತ್ತದೆ (28 ದಿನದ ಫೆಬ್ರವರಿ ಮುಗಿದ ಮಾರ್ಚ್‌ನಲ್ಲಿ ಮಾತ್ರ ಹಳೆಯದೇ ಬರುತ್ತದೆ), ನಿಮ್ಮ ಒಂಬತ್ತನೇ ತಾರೀಕು ವರ್ಷದೊಳಗೆ ಏಳೂ ವಾರಗಳಲ್ಲಿ ಬೀಳುತ್ತದೆ. ಸಭೆಗಳನ್ನು ವಾರಕ್ಕೆ ಹಾಕುವ ತಪ್ಪು ಮಾತ್ರ ಬೇಡ: ಭಾನುವಾರದ ಸಭೆಯ ಹೆಸರು ಎಲ್ಲರ ಕಿವಿಗೆ ಬೀಳುತ್ತದೆ, ಬುಧವಾರದ್ದು ಯಾರಿಗೂ ಕೇಳದು.

ಸಭೆಗಳ ಹೆಸರು 1ರಿಂದ 28ರೊಳಗೆ ಮುಗಿಯಲಿ. 31ನೇ ತಾರೀಕು ವರ್ಷಕ್ಕೆ ಏಳೇ ಸಲ ಬರುತ್ತದೆ. ಅಲ್ಲಿ ಕೂತ ಸಭೆಗೆ ಐದು ತಿಂಗಳು ಪ್ರಾರ್ಥನೆಯೇ ಇಲ್ಲ. ಸಭೆಗಳು 28ಕ್ಕಿಂತ ಹೆಚ್ಚಿದ್ದರೆ ದಿನಕ್ಕೆ ಎರಡು ಓದಿ. 29 ಸಭೆಯಿಲ್ಲದೆ ಚದುರಿರುವವರಿಗೆ, 30 ಸಭಾಸೇವಕರಾಗಲು ತರಬೇತಿಯಲ್ಲಿರುವವರಿಗೆ, 31 ಬರೀ ಕೃತಜ್ಞತೆಗೆ. ಸಭಾಪಾಲಕರ ಹೆಸರನ್ನು ಅಚ್ಚು ಹಾಕಿಸಬೇಡಿ. ವರ್ಗವಾಗಿ ಹೋದವರಿಗಾಗಿ ಎರಡು ವರ್ಷ ಪ್ರಾರ್ಥಿಸುವುದು, ತೀರಿಕೊಂಡವರಿಗೆ ಆರೋಗ್ಯ ಬೇಡುವುದು ಇದರಿಂದಲೇ ಆಗುವುದು. ಸಭೆಯ ಹೆಸರು ಅಚ್ಚಿನಲ್ಲಿರಲಿ, ವ್ಯಕ್ತಿಗಳ ಹೆಸರು ಪೆನ್ಸಿಲಿನಲ್ಲಿ. ಸರದಿಗೆ ಒಂದು ವಾರ ಮುಂಚೆ ಆ ಸಭೆಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ನಿಮಗಾಗಿ ಏನು ಬೇಡಲಿ? ನಿಮ್ಮ ನೀರು, ನೆಲ ಹೇಗಿದೆ? ಯಾರ ಕಾಯಿಲೆ ಯಾವುದು, ಯಾರ ಮನೆಯಲ್ಲಿ ಒಡಕು ಎಂಬುದನ್ನು ಚೀಟಿಗೆ ತರಬೇಡಿ. ಅದು ಚಾಡಿಯಾಗುತ್ತದೆ, ಕಣ್ಣು ಮುಚ್ಚಿ ಹೇಳಿದರೂ.

ಬರೆಯುವುದಕ್ಕೆ ಹಳೆಯ ಐದಂಗದ ಪ್ರಾರ್ಥನೆಗಿಂತ ಒಳ್ಳೆಯ ಅಚ್ಚಿಲ್ಲ: ಕರೆ, ದೇವರು ಮಾಡಿದ್ದರ ಸ್ಮರಣೆ, ಬೇಡಿಕೆ, ಅದು ಯಾತಕ್ಕಾಗಿ, ಕ್ರಿಸ್ತನ ಮೂಲಕ. ಸೋಮವಾರಕ್ಕೊಂದು ಮಾದರಿ: “ದೇವರೇ, ಬುಗ್ಗೆಗಳನ್ನು ತಗ್ಗುಗಳಲ್ಲಿ ಹರಿಯಮಾಡುವವನೇ, ಈ ಸಭೆಯವರು ಕುಡಿಯುವ ಬಾವಿಯನ್ನು ಕಾಪಾಡು, ಅದಕ್ಕೆ ಕೊಳಕು ಸೇರಿಸುವ ಕೈ ನಮ್ಮದಾಗಿದ್ದರೆ ತಡೆ; ದೀಕ್ಷಾಸ್ನಾನಕ್ಕೂ ದಾಹಕ್ಕೂ ನೀನು ಕೊಟ್ಟ ನೀರನ್ನು ಮಕ್ಕಳಿಗೆ ಶುದ್ಧವಾಗಿ ಒಪ್ಪಿಸುವಂತೆ ಮಾಡು; ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.” ನಿಧಾನವಾಗಿ ಓದಿದರೂ ಅರ್ಧ ನಿಮಿಷ ಹಿಡಿಯದು. ಎರಡನೆಯ ಅಂಗ ಬಿಟ್ಟುಹೋದರೆ ಪ್ರಾರ್ಥನೆ ಅರ್ಜಿಯಾಗುತ್ತದೆ. ಮೂರನೆಯದು ಉದ್ದವಾದರೆ ವಾರ್ತೆಯಾಗುತ್ತದೆ; ಎಷ್ಟು ಎಕರೆ ಕಾಡು ಸುಟ್ಟಿತು ಎಂದು ದೇವರಿಗೆ ತಿಳಿಸಿ ಹೇಳುವವರಿದ್ದಾರೆ. ನಾಲ್ಕನೆಯದು ಕೈಮೀರಿದರೆ ಎದುರಿಗೆ ಕೂತವರಿಗೆ ಬೈಗುಳ. “ಮಳೆ ಕೊಡು” ಎಂದಷ್ಟೇ ಬೇಡಬೇಡಿ, ಒಬ್ಬರ ಕೊಯ್ಲಿನ ತೆನೆ ಅಂಗಳದಲ್ಲಿ ಒಣಗುತ್ತಿರುತ್ತದೆ. ಕಾಲಕ್ಕೆ ತಕ್ಕ ಮಳೆ ಬೇಡಿ.

ಜೊತೆಗೆ ಒಂದು ಕೀರ್ತನೆ ಓದಿ. ಹಳೆಯ ಪ್ರಾರ್ಥನಾ ಪುಸ್ತಕದ ಮೂವತ್ತು ದಿನಗಳ ಹಂಚಿಕೆಯಲ್ಲಿ 12ರ ಸಂಜೆ ಮಳೆಬೆಳೆಯ 65ನೇ ಕೀರ್ತನೆ, 20ರ ಸಂಜೆ 104ನೆಯದು ತಾವಾಗಿಯೇ ಬರುತ್ತವೆ. ಹೊಸದೇನನ್ನೂ ಹುಡುಕಬೇಕಿಲ್ಲ. 104ರ 35 ವಚನಗಳಲ್ಲಿ ಕಾಡುಕತ್ತೆ, ಕೊಕ್ಕರೆ, ಬೆಟ್ಟದ ಮೇಕೆ, ಸಿಂಹ ಎಲ್ಲ ಇವೆ. ಕೊನೆಯ ವಚನದಲ್ಲಿ ದುಷ್ಟರು ಭೂಮಿಯಿಂದ ಇಲ್ಲವಾಗಲಿ ಎಂಬ ಮಾತೂ ಇದೆ. ಕೇಳಲು ಇರುಸುಮುರುಸಾಗುವುದರಿಂದ ಅದನ್ನು ಬಿಟ್ಟು ಓದುವ ಚಾಳಿ ಹಬ್ಬಿದೆ. ಬಿಡಬೇಡಿ. ಕೆಡಿಸುವವರಿಲ್ಲದ ಸೃಷ್ಟಿಯ ಚಿತ್ರ ಅಂಗಡಿಯ ಕ್ಯಾಲೆಂಡರಿಗೆ ಸಾಕು, ಪ್ರಾರ್ಥನೆಗೆ ಸಾಲದು.

ನಿಮಗೆ ಸಿಟ್ಟು ಬರಬೇಕಾದ ಜಾಗ ಬೇರೆಯೇ ಇದೆ. ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕ್ (ಪೂರ್ವದ ಸಭೆಗಳ ಹಿರಿಯ ಬಿಷಪ್) ದಿಮಿತ್ರಿಯೋಸ್ 1989ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು, 2015ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕರಿಗೂ ಅದನ್ನು ವಿಸ್ತರಿಸಿದರು. ಈಗ ಹಲವು ಸಭೆಗಳು ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ತನಕ ಆಚರಿಸುತ್ತವೆ. ಒಳ್ಳೆಯದೇ. ಆದರೆ ಆ 34 ದಿನದ ಉತ್ಸಾಹವನ್ನು ಪ್ಲಾಸ್ಟಿಕ್ ಬ್ಯಾನರಿನ ಮೇಲೆ ಬರೆದು ಕಟ್ಟಿ, ಉಳಿದ 331 ದಿನ ಉಸಿರೆತ್ತದವರೇ ಹೆಚ್ಚು. ಜೂನ್ 5ಕ್ಕೆ ಸಸಿ ನೆಟ್ಟು ಫೋಟೊ ತೆಗೆಸಿಕೊಂಡವರಲ್ಲಿ ಜುಲೈನಲ್ಲಿ ನೀರು ಹಾಕುವವರು ಯಾರು? ದೇವಾಲಯದ ಹೂವಿನ ಅಲಂಕಾರಕ್ಕೆ ಬಳಸುವ ಹಸಿರು ಸ್ಪಂಜು ಮಣ್ಣಲ್ಲಿ ಕೊಳೆಯದ ಪ್ಲಾಸ್ಟಿಕ್; ಅದರ ಎದುರಿಗೇ ನಿಂತು ಸೃಷ್ಟಿಯ ಗೀತೆ ಹಾಡುತ್ತೇವೆ. ಇನ್ನು ಆರಾಧನೆಯ ಗಡಿಯಾರ ನೋಡಿ: ಪ್ರಕಟಣೆಗಳಿಗೆ ಕಾಲು ಗಂಟೆ, ವಿಜ್ಞಾಪನೆಗೆ ಎರಡು ನಿಮಿಷ, ಅದೂ ಹೊತ್ತು ಮೀರಿತೆಂದು ಅರ್ಧಕ್ಕೆ ಕತ್ತರಿ. ನಿಮ್ಮ ಸಭೆಯಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ ಎಂದು ಪತ್ರದ ಧಾಟಿಯೇ ಹೇಳುತ್ತದೆ. ಮುಂದಿನ ಸಮಿತಿಯಲ್ಲಿ ಕ್ರಮ ತಿರುಗಿಸಿ: ಮೊದಲು ವಿಜ್ಞಾಪನೆ, ಕೊನೆಯಲ್ಲಿ ಪ್ರಕಟಣೆ. ಕತ್ತರಿ ಬೀಳಲೇಬೇಕಿದ್ದರೆ ಕಾರ್ಯದರ್ಶಿಗಳ ಪಟ್ಟಿಗೆ ಬೀಳಲಿ.

— ಸಂ.